ಸೊಸೆಯ ಮುಖ ಕೆಂಪಾದದ್ದು ಖಾರಕ್ಕಲ್ಲ

ಸೊಸೆ ತಟ್ಟೆಯಲ್ಲಿ ಊಟ ಬಿಟ್ಟೆದ್ದರೆ ಯಾವ ಅತ್ತೆಗೆ ತಾನೇ ಮೈ ಉರಿಯುವುದಿಲ್ಲ, ಹೇಳಿ? ಅದೂ ನೆಂಟರಿಷ್ಟರ ಸಾಲಿನಲ್ಲಿ ಕೂತು. ಅದೂ ಅತ್ತೆ ಬೆನ್ನು ಬಗ್ಗಿಸಿ, ಒಣಮೆಣಸಿನಕಾಯಿ ಹುರಿದು, ಎಳ್ಳು ಹುರಿದು, ಚಾಕೊಲೇಟು ಕರಗಿಸಿ, ಕಲ್ಲಿನ ಮೇಲೆ ಅರೆದು ಮಾಡಿದ ಮೋಲೇ ಗೊಜ್ಜನ್ನು!

ಮಾಲಿಂಚೆ ಬೆಟ್ಟದ ಕೆಳಗಿನ ಸಾನ್ ಬೆರ್ನಾಬೆ ಊರಿನಲ್ಲಿ ಗೊಜ್ಜು ಅಂದರೆ ಎಲೋದಿಯಾಳದ್ದು. ಮದುವೆಯಿರಲಿ, ಮಗುವಿನ ದೀಕ್ಷಾಸ್ನಾನವಿರಲಿ, ಸತ್ತವರ ಒಂಬತ್ತನೇ ದಿನವಿರಲಿ, ಮೊದಲು ಪಾದ್ರಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ಎಲೋದಿಯಾಳಿಗೆ. ಗಡಿಬಿಡಿಯಲ್ಲಿ ಪಾದ್ರಿಯನ್ನೇ ಮರೆತವರೂ ಇದ್ದಾರೆ. ಅಂಥವಳ ಸೊಸೆ ಅನಾಯೆಲಿ, ಮದುವೆಯಾಗಿ ಹನ್ನೊಂದು ತಿಂಗಳಾದವಳು, ಆ ಭಾನುವಾರ ನಾಲ್ಕು ತುತ್ತು ತಿಂದು ತಟ್ಟೆ ತಳ್ಳಿಬಿಟ್ಟಳು. ಮುಖ ಕೆಂಡದ ಹಾಗಾಗಿತ್ತು. ಕತ್ತು ಕೆರೆದುಕೊಳ್ಳುತ್ತಿದ್ದಳು.

ಎದುರಿಗೆ ಕೂತಿದ್ದ ಎಲೋದಿಯಾಳ ನಾದಿನಿ ಕ್ಲಿಯೋತಿಲ್ದೆ ಸುಮ್ಮನಿರುವ ಪೈಕಿಯೇ? "ಏನತ್ತಿಗೆ, ಇಡೀ ಊರು ಬೆರಳು ನೆಕ್ಕುತ್ತೆ, ಸೊಸೆ ಮಾತ್ರ ಮುಖ ತಿರುಗಿಸ್ತಾಳಲ್ಲ?"

"ಅವಳಿಗೆ ಖಾರ ಆಗಲ್ಲ ಕಣೇ," ಅಂದಳು ಎಲೋದಿಯಾ.

"ಈ ನೆಲದಲ್ಲಿ ಹುಟ್ಟಿ ಖಾರ ಆಗಲ್ವಂತೆ! ಮೀನು ಬಂದು ನಂಗೆ ನೀರು ಆಗಲ್ಲ ಅಂದ ಹಾಗಾಯ್ತು."

ಸಾಲೆಲ್ಲ ಗೊಳ್ಳೆಂದು ನಕ್ಕಿತು. ಎಲೋದಿಯಾಳೂ ಹಲ್ಲು ಬಿಟ್ಟಳು. ಸೊಸೆಯ ತಟ್ಟೆಯನ್ನು ಮಾತ್ರ ಸರಕ್ಕನೆ ಎಳೆದುಕೊಂಡು ಒಳಗೆ ಹೋದಳು.

ಪಾಪ, ಅವಳೇನು ಕೆಟ್ಟವಳಲ್ಲ. ಸೊಸೆಗೆ ಅಂತ ಏನೇನು ಮಾಡಿರಲಿಲ್ಲ! ಮದುವೆಯಾಗಿ ಬಂದ ಎರಡನೇ ತಿಂಗಳಿಗೇ ಹುಡುಗಿಗೆ ತಲೆನೋವು, ಮೈ ತುರಿಕೆ, ಎದೆ ಡವಡವ ಶುರುವಾಗಿತ್ತು. ಊಟ ಮಾಡಿ ಅರ್ಧ ಗಂಟೆಯಾದರೆ ಮೂಗು ಸೋರುವುದು, ಹೊಟ್ಟೆ ಉಬ್ಬುವುದು. ಎಲೋದಿಯಾ ಮೆಣಸಿನಕಾಯಿ ಬಿಟ್ಟು ಅಡುಗೆ ಮಾಡಿದಳು. ಬರೀ ಟೊಮೆಟೊ ಸಾರು, ಮೇಲೆ ಬೆಣ್ಣೆಹಣ್ಣು, ಎರಡು ತಿಂಗಳು ಮಾಗಿದ ಒಳ್ಳೇ ಚೀಸು ತುರಿದು. ಕಡಿಮೆಯಾಗಲಿಲ್ಲ. ಮೈಯಲ್ಲಿ ರಕ್ತವಿಲ್ಲ ಅಂತ ದಿನಾ ಮಧ್ಯಾಹ್ನ ಒಂದು ಲೋಟ ಪುಲ್ಕೆ ಕುಡಿಸಿದಳು, ಕತ್ತಾಳೆಯ ರಸ ಹುಳಿ ಬಂದದ್ದು. ಇನ್ನೂ ಜಾಸ್ತಿಯಾಯಿತು. ಹುಡುಗಿ ಅತ್ತಾಗ ಬಿಸಿಬಿಸಿ ಚಾಕೊಲೇಟು ಮಾಡಿಕೊಟ್ಟಳು. ಆವತ್ತು ತಲೆನೋವಿಗೆ ಕಣ್ಣೇ ಬಿಡಲಿಲ್ಲ. ಕ್ಲಿಯೋತಿಲ್ದೆ ಬಂದು ದೃಷ್ಟಿಯಾಗಿದೆ ಅಂತ ಮೊಟ್ಟೆ ನಿವಾಳಿಸಿದಳು. ಮೊಟ್ಟೆ ಒಡೆದು ನೋಡಿ, "ಅಬ್ಬಬ್ಬಾ, ಎಂಥಾ ದೃಷ್ಟಿ!" ಅಂದು ಹೋದಳು. ತುರಿಕೆ ಹೋಗಲಿಲ್ಲ.

ಎಲೋದಿಯಾಳಿಗೆ ಅರ್ಥವಾಗದ್ದು ಒಂದೇ. ತವರಿಗೆ ಹೋದರೆ ಹುಡುಗಿ ಚೆನ್ನಾಗಿರುತ್ತಿದ್ದಳು! ಅಲ್ಲಿ ಎರಡು ದಿನ ಇದ್ದು ಬಂದರೆ ಕೆನ್ನೆಗೆ ಕಳೆ ಬಂದಿರುತ್ತಿತ್ತು. ಇಲ್ಲೂ ಕೆಲವು ದಿನ ಅದೇ ಬೆಣ್ಣೆಹಣ್ಣು ತಿಂದರೆ ಏನೂ ಆಗುತ್ತಿರಲಿಲ್ಲ. ಇನ್ನೊಂದು ದಿನ ಅದನ್ನೇ ತಿಂದು ಒದ್ದಾಡುತ್ತಿದ್ದಳು. ಇದು ಯಾವ ಕಾಯಿಲೆ ರೀ? ಇದ್ದರೆ ದಿನಾ ಇರಬೇಕು, ಇಲ್ಲದಿದ್ದರೆ ಇಲ್ಲ.

ಇನ್ನು ಎಲೋದಿಯಾಳ ಒಲೆಯ ವಿಷಯ. ಅವಳ ಒಲೆಯ ಪಕ್ಕ ಒಂದು ದೊಡ್ಡ ಮಣ್ಣಿನ ಮಡಕೆ ಇತ್ತು. ಹಬ್ಬದೂಟದಲ್ಲಿ ಉಳಿದ ಗೊಜ್ಜು, ಬೇರೆ ಮನೆಯವರು ಡಬ್ಬಿಯಲ್ಲಿ ಕಟ್ಟಿಕೊಟ್ಟ ಗೊಜ್ಜು, ಎಲ್ಲಾ ಅದರೊಳಗೆ. ಆ ಮಡಕೆ ಪೂರ್ತಿ ಖಾಲಿಯಾದದ್ದನ್ನು ಕಂಡವರಿಲ್ಲ. ಹೊಸ ಗೊಜ್ಜಿಗೆ ಹಳೆಯದರ ಎರಡು ಸೌಟು ಬೀಳಲೇಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದೇ ಅವಳ ಕೈಗುಣ ಅಂತ ಊರು ನಂಬಿತ್ತು, ಅವಳೂ ನಂಬಿದ್ದಳು. ಭಾನುವಾರ ಟರ್ಕಿ ಕೋಳಿಯ ಜೊತೆ, ಸೋಮವಾರ ಮೊಟ್ಟೆಯ ಜೊತೆ, ಮಂಗಳವಾರ ರೊಟ್ಟಿ ಅದ್ದಿ, ಬುಧವಾರ ಕಡುಬಿನೊಳಗೆ. ದಿನಾ ಬೆಳಿಗ್ಗೆ ಕೊತಕೊತ ಕುದಿಸಿ ಇಡುತ್ತಿದ್ದಳು. ಮಗ ರುತಿಲಿಯೊ ಫ್ರಿಜ್ಜು ತಂದಿಟ್ಟಿದ್ದ. ಅದರಲ್ಲಿ ಎಲೋದಿಯಾ ಹೂವು ಇಡುತ್ತಿದ್ದಳು.

"ಗೊಜ್ಜು ಫ್ರಿಜ್ಜಿಗೆ ಹೋದರೆ ಸತ್ತಂತೆ," ಅನ್ನುತ್ತಿದ್ದಳು. "ಕುದಿಸಿದ ಮೇಲೆ ಇನ್ನೇನು ಉಳಿಯುತ್ತೆ ಅದರಲ್ಲಿ?"

ಆ ಭಾನುವಾರದ ನಂತರ ಊರಿನ ಚಿಕಿತ್ಸಾಲಯದ ನರ್ಸು ಮಾಕ್ಸಿಮಿನಾ ಮನೆಗೆ ಬಂದಳು. ಎಲೋದಿಯಾಳ ಬಿಪಿ ನೋಡಲು ಬಂದವಳು ಅನಾಯೆಲಿಯ ಕತ್ತಿನ ದದ್ದು ನೋಡಿ ಕೂತೇ ಬಿಟ್ಟಳು. ಏನು ತಿಂದೆ, ಯಾವಾಗ ತಿಂದೆ, ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಒಂದು ಗಂಟೆ ಕೇಳಿದಳು. ಪಟ್ಟಣದ ದೊಡ್ಡ ಡಾಕ್ಟರ ಹತ್ತಿರ ಕಳಿಸಿದಳು. ಅವರು ಅಲರ್ಜಿ ಪರೀಕ್ಷೆ ಮಾಡಿಸಿದರು, ಯಾವ ಅಲರ್ಜಿಯೂ ಸಿಗಲಿಲ್ಲ. ಕೊನೆಗೆ ಅವರು ಹೇಳಿದ್ದು ಇಷ್ಟು: ಮೂರು ವಾರ ಆಗಿಂದಾಗ ಮಾಡಿದ್ದನ್ನೇ ತಿನ್ನಬೇಕು, ಹಳೆಯದು, ಹುಳಿ ಬಂದದ್ದು, ಟೊಮೆಟೊ, ಚಾಕೊಲೇಟು ಮುಟ್ಟಬಾರದು, ಹಿಂದೆ ತಿಂದು ತೊಂದರೆಯಾದದ್ದನ್ನು ನೆನಪಿಸಿಕೊಂಡು, ಇನ್ನು ತಿನ್ನುವುದನ್ನೂ ಸೇರಿಸಿ ಒಂದು ಪುಸ್ತಕದಲ್ಲಿ ಬರೆದಿಡಬೇಕು.

"ಬರ್ಕೊಂಡು ತಿನ್ನೋದಾ?" ಎಲೋದಿಯಾ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನರ್ಸಮ್ಮ, ನಮ್ಮಮ್ಮ ಎಂಬತ್ತೊಂಬತ್ತು ವರ್ಷ ಬದುಕಿದ್ಲು, ಒಂದು ತುತ್ತೂ ಬರ್ದಿಡಲಿಲ್ಲ."

"ನಿಮ್ಮಮ್ಮನ ದೇಹ ನಿಮ್ಮಮ್ಮಂದು, ದೋನ್ಯಾ ಎಲೋದಿಯಾ. ಇದು ಅನಾಯೆಲಿಯದ್ದು. ಮೂರೇ ವಾರ. ನೋಡೋಣ."

ನೋಡಿದರು. ಅನಾಯೆಲಿ ತನಗೆ ಬೇಕಾದ್ದನ್ನು ತಾನೇ ಬೇಯಿಸಿಕೊಂಡಳು. ಆವತ್ತೇ ಕೊಯ್ದ ಕೋಳಿ, ಸೀಮೆಬದನೆ, ಕುಂಬಳದ ಹೂವು, ಹಸಿ ಕಳ್ಳಿಯೆಲೆ, ಕಾವಲಿಯಿಂದ ಆಗ ತಾನೇ ಇಳಿದ ರೊಟ್ಟಿ. ಐದನೇ ದಿನಕ್ಕೆ ತಲೆನೋವು ಹೋಯಿತು. ಒಂಬತ್ತನೇ ದಿನಕ್ಕೆ ತುರಿಕೆಯಿಲ್ಲ. ಹೊಲಿಗೆ ಮಿಷನ್ನಿನ ಮುಂದೆ ಕೂತು ಹಾಡುತ್ತಿದ್ದಳು. ರುತಿಲಿಯೊ ಗಾರೆ ಕೆಲಸದಿಂದ ಬೇಗ ಬೇಗ ಮನೆಗೆ ಬರತೊಡಗಿದ.

ಖುಷಿಪಡಬೇಕಾದವಳು ಎಲೋದಿಯಾ. ಅವಳಿಗೆ ಮಾತ್ರ ಮುಳ್ಳು ಚುಚ್ಚಿದ ಹಾಗಿತ್ತು. ಯಾಕೆಂದರೆ ಒಂದು ದಿನ ಹೊಲಿಗೆ ಮಿಷನ್ನಿನ ಮೇಲೆ ಆ ಪುಸ್ತಕ ತೆರೆದಿತ್ತು, ಅವಳ ಕಣ್ಣಿಗೆ ಬಿತ್ತು. 'ಅತ್ತೆಯ ಗೊಜ್ಜು, ಎರಡನೇ ದಿನ: ಮುಖ ಕೆಂಪು. ಅತ್ತೆಯ ಗೊಜ್ಜು, ಮೂರನೇ ದಿನ: ತುರಿಕೆ, ಎದೆ ಡವಡವ. ಅತ್ತೆಯ ಕಡುಬು: ವಾಂತಿ.' ಒಂದಲ್ಲ ಎರಡಲ್ಲ, ಏಳು ಕಡೆ ಅತ್ತೆ, ಅತ್ತೆ, ಅತ್ತೆ!

"ನೋಡಿದ್ಯಾ?" ಅಂತ ಕ್ಲಿಯೋತಿಲ್ದೆಗೆ ಬೇಲಿಯ ಮೇಲಿಂದ ಹೇಳಿದಳು. "ನನ್ನ ಹೆಸರು ಪೊಲೀಸ್ ಕಂಪ್ಲೇಂಟಲ್ಲಿ ಬರೆದ ಹಾಗೆ ಬರೆದಿದ್ದಾಳೆ."

"ಎಲ್ಲಾ ಮನಸ್ಸಿಂದು ಅತ್ತಿಗೆ. ನಿನ್ನ ಕೈಯದು ಅಂತ ಗೊತ್ತಾದ್ರೆ ಕೆಂಪಾಗ್ತಾಳೆ. ಗೊತ್ತಿಲ್ದೆ ಕೊಟ್ಟು ನೋಡು, ಏನೂ ಆಗಲ್ಲ."

ಗೊತ್ತಿಲ್ಲದೆ ಕೊಟ್ಟು ನೋಡು. ಆ ಮಾತು ಎಲೋದಿಯಾಳ ತಲೆಯಲ್ಲಿ ಕೂತುಬಿಟ್ಟಿತು.

ಬುಧವಾರ ಅನಾಯೆಲಿಗೆ ಬಟ್ಟೆ ತಲುಪಿಸುವ ಅವಸರವಿತ್ತು. "ಇವತ್ತು ನಿನ್ನ ಸಾರು ನಾನೇ ಮಾಡ್ತೀನಿ ಬಿಡು," ಅಂದಳು ಎಲೋದಿಯಾ. ಹುಡುಗಿಯ ಮುಖ ಅರಳಿತು. "ಹೌದಾ ಅತ್ತೆ? ನಿಮಗೆ ತೊಂದ್ರೆ ಅಲ್ವಾ?"

ಕೋಳಿ ಕೊಯ್ಯಲಿಲ್ಲ ಎಲೋದಿಯಾ. ಭಾನುವಾರ ಇನ್ನೊಂದು ಮನೆಯ ಊಟಕ್ಕೆ ಬೇಯಿಸಿದ ಟರ್ಕಿ ಕೋಳಿಯ ಮೂಳೆ ರಸ ಒಂದು ಪಾತ್ರೆ ಉಳಿದಿತ್ತು. ತಿಳಿಯಾಗಿತ್ತು, ಬಂಗಾರದ ಬಣ್ಣವಿತ್ತು. ಭಾನುವಾರ ಕುದಿಸಿದ್ದಳು, ಸೋಮವಾರ ಕುದಿಸಿದ್ದಳು, ಮಂಗಳವಾರ ಕುದಿಸಿದ್ದಳು. ಈಗ ಅದಕ್ಕೇ ಸೀಮೆಬದನೆ, ಕೊತ್ತಂಬರಿ ಹಾಕಿ ಮತ್ತೆ ಕುದಿಸಿದಳು. ಮೆಣಸಿನಕಾಯಿ ಒಂದು ಬೀಜವೂ ಇಲ್ಲ, ಟೊಮೆಟೊ ಇಲ್ಲ, ಗೊಜ್ಜಿಲ್ಲ. ಇದಕ್ಕಿಂತ ಮೃದುವಾದ ಊಟ ಬಾಣಂತಿಗೂ ಇಲ್ಲ ಅಂದುಕೊಂಡಳು. ತಾನೂ ಒಂದು ಬಟ್ಟಲು ತಗೊಂಡಳು, ಮಗನಿಗೂ ಬಡಿಸಿದಳು.

"ಇವತ್ತಿನ ಕೋಳಿ ತಾನೇ ಅತ್ತೆ?" ಅನಾಯೆಲಿ ಕೇಳಿದಳು.

"ಇವತ್ತಿಂದೇ ಕಣಮ್ಮ, ತಿನ್ನು."

ಹುಡುಗಿ ಎರಡು ಬಟ್ಟಲು ಕುಡಿದಳು. "ತುಂಬಾ ಚೆನ್ನಾಗಿದೆ ಅತ್ತೆ. ನನ್ನ ಕೈಲಿ ಈ ರುಚಿ ಬರಲ್ಲ," ಅಂದಳು. ಎಲೋದಿಯಾಳಿಗೆ ಒಳಗೊಳಗೇ ನಗು. ಸಿಕ್ಕಿಬಿದ್ದೆಯಲ್ಲೇ! ಎಲ್ಲಿ ಹೋಯ್ತು ನಿನ್ನ ಕಾಯಿಲೆ? ಇವಳು ಪಾತ್ರೆ ತೊಳೆದು ಬರಲಿ, ಎಲ್ಲರ ಮುಂದೆ ಹೇಳೇಬಿಡುತ್ತೇನೆ ಅಂತ ಸೆರಗಿಗೆ ಕೈ ಒರೆಸಿಕೊಂಡು ಕೂತಳು.

ಹಿತ್ತಿಲಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

"ನಿಧಾನ ಕಣೇ," ಅಂತ ಕೂಗಿದಳು. ಎದ್ದು ಹೋಗಿ ನೋಡುತ್ತಾಳೆ, ಅನಾಯೆಲಿ ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ಕುಸಿದಿದ್ದಾಳೆ. ಮುಖ, ಕತ್ತು, ತೋಳು ಎಲ್ಲಾ ಕೆಂಪು ಕೆಂಪು ದದ್ದು. ತುಟಿ ಊದಿತ್ತು. ಒಂದು ಕೈಯಲ್ಲಿ ಎದೆ ಹಿಡಿದುಕೊಂಡಿದ್ದಳು. "ಅತ್ತೆ... ಕಣ್ಣು ಕತ್ತಲೆ..." ಅಂದವಳೇ ಪಕ್ಕಕ್ಕೆ ವಾಲಿದಳು.

ಎಲೋದಿಯಾ ಪಕ್ಕದಲ್ಲೇ ಕುಕ್ಕರಿಸಿ ಅವಳ ತಲೆ ಎತ್ತಿ ಹಿಡಿದಳು. ಇದು ನಾಟಕವಲ್ಲ. ಯಾವ ನಾಟಕದವಳೂ ತುಟಿ ಊದಿಸಿಕೊಳ್ಳಲಾರಳು. ದೇವರೇ, ನಾನೇನು ಮಾಡಿಬಿಟ್ಟೆ!

"ರುತಿಲಿಯೋ!" ಅಂತ ಕೂಗಿದಳು. ಆ ಕೂಗಿಗೆ ಮೂರು ಮನೆಯವರು ಓಡಿಬಂದರು. ಪಕ್ಕದ ಮನೆಯ ಲಾರಿಯಲ್ಲಿ ಮಲಗಿಸಿಕೊಂಡು ಚಿಕಿತ್ಸಾಲಯಕ್ಕೆ ಹೋದರು. ದಾರಿಯುದ್ದಕ್ಕೂ ರುತಿಲಿಯೊ "ಕಣ್ಣು ಬಿಡೇ, ನನ್ನ ನೋಡೇ" ಅನ್ನುತ್ತಲೇ ಇದ್ದ. ಎಲೋದಿಯಾ ಸೊಸೆಯ ಪಾದ ಹಿಡಿದು ಕೂತಿದ್ದಳು, ಪಾದ ಮಂಜಿನ ಹಾಗೆ ತಣ್ಣಗಿತ್ತು.

ಮಾಕ್ಸಿಮಿನಾ ಹುಡುಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಕ್ಕಿಟ್ಟಳು. ಬಿಪಿ ಪಾತಾಳಕ್ಕಿಳಿದಿತ್ತು. ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಂತೆ ತೊಡೆಗೆ ಸೂಜಿ ಚುಚ್ಚಿದಳು. ಆಂಬುಲೆನ್ಸಿಗೆ ಹೇಳಿದಳು. ಆಮೇಲೆ ತಿರುಗಿ ನಿಂತಳು.

"ಏನು ತಿಂದ್ಲು?"

"ಸಾರು. ಕೋಳಿ ಸಾರು," ಅಂದ ರುತಿಲಿಯೊ. "ನಾವೂ ಅದೇ ತಿಂದ್ವಿ ನರ್ಸಮ್ಮ. ನಮಗೇನೂ ಆಗಿಲ್ಲ."

"ಇವತ್ತಿನ ಕೋಳಿನಾ?"

"ಹೌದು," ಅಂದಳು ಎಲೋದಿಯಾ. ನಾಲಗೆ ತಾನಾಗಿಯೇ ಹೇಳಿಬಿಟ್ಟಿತು.

ಮಾಕ್ಸಿಮಿನಾ ಹತ್ತಿರ ಬಂದಳು. "ದೋನ್ಯಾ ಎಲೋದಿಯಾ, ಸರಿಯಾಗಿ ಕೇಳಿಸಿಕೊಳ್ಳಿ. ತಾಜಾ ಕೋಳಿಗೇ ಹೀಗಾಗಿದ್ರೆ ನಾವು ತಿಳ್ಕೊಂಡಿದ್ದೆಲ್ಲ ತಪ್ಪು. ಬೇರೆ ಯಾವ್ದೋ ದೊಡ್ಡ ಕಾಯಿಲೆ ಇದೆ ಅಂತ ಡಾಕ್ಟರು ಆ ದಾರೀಲಿ ಹೋಗ್ತಾರೆ. ಬೇಡದ ಔಷಧಿ ಬೀಳುತ್ತೆ. ಇವಳ ಜೀವದ ಪ್ರಶ್ನೆ. ಇನ್ನೊಂದು ಸಲ ಕೇಳ್ತೀನಿ. ಏನು ಹಾಕಿದ್ರಿ?"

ಮಗ ನೋಡುತ್ತಿದ್ದ. ಬಾಗಿಲಲ್ಲಿ ಕ್ಲಿಯೋತಿಲ್ದೆ ನಿಂತಿದ್ದಳು. ಎಲೋದಿಯಾಳಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಮಂಚದ ಮೇಲಿನ ಊದಿದ ಮುಖ ನೋಡಿದಳು. ಇನ್ನು ಮರ್ಯಾದೆ ಇಟ್ಟುಕೊಂಡು ಏನು ಮಾಡಬೇಕು?

"ಭಾನುವಾರದ ಮೂಳೆ ರಸ," ಅಂದಳು. "ಟರ್ಕಿ ಕೋಳಿಂದು. ಇವತ್ತಿಂದು ಅಂತ ಸುಳ್ಳು ಹೇಳ್ದೆ. ಏನೂ ಆಗಲ್ಲ ಅಂತ ತೋರಿಸ್ಬೇಕಿತ್ತು ನಂಗೆ."

"ಅಮ್ಮಾ!" ಅಂದ ರುತಿಲಿಯೊ. ಅಷ್ಟೇ. ಅವನು ಬೈದಿದ್ದರೆ ಸಹಿಸಬಹುದಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದ, ಹೆತ್ತ ತಾಯಿಯಿಂದ.

"ಆದ್ರೆ ಮೂರು ಸಲ ಕುದಿಸಿದ್ದೆ ನರ್ಸಮ್ಮ!" ಎಲೋದಿಯಾ ಅಳುತ್ತಾ ಕೂಗಿದಳು. "ಕೊತಕೊತ ಕುದಿಸಿದ್ದೆ! ಖಾರ ಒಂದು ಚೂರೂ ಇರ್ಲಿಲ್ಲ!"

"ಖಾರದ ಮಾತು ಬಿಡಿ," ಅಂದಳು ಮಾಕ್ಸಿಮಿನಾ. ಅನಾಯೆಲಿಯ ನಾಡಿ ಹಿಡಿದುಕೊಂಡೇ ಹೇಳಿದಳು. "ಇವಳಿಗೆ ಆಗದೇ ಇರೋದು ಹಿಸ್ಟಮಿನ್ ಅನ್ನೋ ವಸ್ತು. ಅಡುಗೆ ಮಾಡಿಟ್ಟು ಹೊತ್ತಾದಷ್ಟೂ ಅದು ಬೆಳೀತಾ ಹೋಗುತ್ತೆ, ಮಾಂಸ, ಮೀನು, ಮೂಳೆ ರಸದಲ್ಲಿ ಇನ್ನೂ ಬೇಗ. ಹುಳಿ ಬರಿಸಿದ್ರಲ್ಲಿ, ಮಾಗಿಸಿದ ಚೀಸಲ್ಲಿ ಇರುತ್ತೆ. ಮತ್ತೆ ಕುದಿಸಿದ್ರೆ ಹುಳ ಸಾಯಬಹುದು, ಇದು ಹೋಗಲ್ಲ. ಹತ್ತು ಸಲ ಕುದಿಸಿ, ಹೋಗಲ್ಲ."

"ಕುದಿಸಿದ್ರೂ ಹೋಗಲ್ವಾ?" ಎಲೋದಿಯಾ ಗೋಡೆಗೆ ಒರಗಿದಳು. ನಲವತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಈ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಬೆಂಕಿಗೆ ಹೆದರದ ಕೊಳಕು ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

"ಹಾಗಾದ್ರೆ ನಾವ್ಯಾಕೆ ಬಿದ್ದಿಲ್ಲ?" ಕ್ಲಿಯೋತಿಲ್ದೆ ಬಾಗಿಲಿಂದಲೇ ಕೇಳಿದಳು. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

"ನಿಮ್ಮನೆ ಬಚ್ಚಲ ತೂಬು ದೊಡ್ಡದಾಗಿದ್ರೆ ಎಷ್ಟು ನೀರು ಸುರಿದ್ರೂ ಹರಿದುಹೋಗುತ್ತೆ. ಇವಳದು ಸಣ್ಣ ತೂಬು. ಕರುಳಲ್ಲಿ ಇದನ್ನ ಕರಗಿಸೋ ಶಕ್ತಿ ಕಮ್ಮಿ ಇದೆ. ಸ್ವಲ್ಪ ಸುರಿದ್ರೆ ಹೋಗುತ್ತೆ. ಬೆಳಿಗ್ಗೆ ಟೊಮೆಟೊ, ಮಧ್ಯಾಹ್ನ ಪುಲ್ಕೆ, ಸಾಯಂಕಾಲ ಮೂರು ದಿನದ ಗೊಜ್ಜು ಅಂತ ಸುರೀತಾನೇ ಇದ್ರೆ? ಬಚ್ಚಲು ತುಂಬಿ ಮನೆಯೊಳಗೇ ಬರುತ್ತೆ. ಅದಕ್ಕೇ ಒಂದು ದಿನ ಬೆಣ್ಣೆಹಣ್ಣು ಆಗುತ್ತೆ, ಇನ್ನೊಂದು ದಿನ ಆಗಲ್ಲ."

ಎಲೋದಿಯಾ ಲೆಕ್ಕ ಹಾಕಿದಳು. ರಕ್ತಕ್ಕೆ ಅಂತ ಕುಡಿಸಿದ ಪುಲ್ಕೆ. ಸಮಾಧಾನಕ್ಕೆ ಅಂತ ಕೊಟ್ಟ ಚಾಕೊಲೇಟು. ಖಾರ ಬೇಡ ಅಂತ ಸುರಿದ ಟೊಮೆಟೊ ಸಾರು. ಪ್ರೀತಿಯಿಂದ ಮಾಡಿದ್ದೂ ಅದೇ ಬಚ್ಚಲಿಗೆ ಬಿದ್ದಿತ್ತು! ಪ್ರೀತಿಯಿಂದ ಮಾಡಿದ್ದು ತಿಳಿಯದೆ ಆದದ್ದು. ಬುಧವಾರ ಮಾಡಿದ್ದು ತಿಳಿಯದೆ ಆದದ್ದಲ್ಲ. ಆ ವ್ಯತ್ಯಾಸ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅನಾಯೆಲಿ ಉಳಿದಳು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಮನೆಗೆ ಕಳಿಸುವ ದಿನ ಎಲೋದಿಯಾ ಮಂಚದ ಪಕ್ಕ ನಿಂತು, ತಲೆಯೆತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಹುಡುಗಿ ಕೂಗಾಡಲಿಲ್ಲ. "ನಾನು ಕೇಳಿದ್ದೆ ಅತ್ತೆ," ಅಂದಳು. "ಇವತ್ತಿಂದೇನಾ ಅಂತ ಕೇಳಿದ್ದೆ. ನೀವು ಹೌದು ಅಂದ್ರಿ. ಇನ್ನು ಆ ಮನೇಲಿ ನೀರು ಕುಡಿಯೋಕೂ ನಂಗೆ ಭಯ."

ತವರಿಗೆ ಹೊರಟುಹೋದಳು. ರುತಿಲಿಯೊ ಬಟ್ಟೆ ಗಂಟು ಕಟ್ಟಿಕೊಂಡು ಅವಳ ಹಿಂದೆಯೇ ಹೋದ. "ಅವಳು ಬಂದ್ರೆ ನಾನು ಬರ್ತೀನಿ ಅಮ್ಮ. ಬರದಿದ್ರೆ ಇಲ್ಲ," ಅಂದ.

ಹದಿನೇಳು ದಿನ ಎಲೋದಿಯಾ ಒಲೆ ಹಚ್ಚಿದ್ದು ಹೆಸರಿಗೆ. ಮೊದಲ ದಿನವೇ ಆ ಮಡಕೆಯನ್ನು ಹಿತ್ತಿಲಿಗೆ ಹೊತ್ತೊಯ್ದು ಗುಂಡಿ ತೋಡಿ ಬರಿದು ಮಾಡಿದಳು. ಕ್ಲಿಯೋತಿಲ್ದೆ ಬೇಲಿ ಹಾರಿ ಬಂದಳು. "ಅಯ್ಯೋ ಅತ್ತಿಗೆ, ಹುಚ್ಚು ಹಿಡೀತಾ? ನಮ್ಮಮ್ಮನ ಕಾಲದ ಗೊಜ್ಜು ಅದು!"

"ಹೌದು, ನನ್ನ ಅತ್ತೆ ಕಾಲದ್ದು. ನನ್ನ ಸೊಸೆ ಕಾಲಕ್ಕೆ ಬೇಡ. ನೀನು ಗೊತ್ತಿಲ್ದೆ ಕೊಟ್ಟು ನೋಡು ಅಂದೆ, ನಾನು ಕೊಟ್ಟು ನೋಡ್ದೆ. ಏನು ನೋಡಿದ್ವಿ, ಗೊತ್ತಲ್ಲ? ಇನ್ನೊಂದು ಸಲ ಆ ಮಾತು ನಿನ್ನ ಬಾಯಲ್ಲಿ ಬಂದ್ರೆ ಇದೇ ಗುಂಡಿಗೆ ನಿನ್ನೂ ಹಾಕ್ತೀನಿ."

ಕ್ಲಿಯೋತಿಲ್ದೆ ಬಗ್ಗಿ ಮಣ್ಣು ಎಳೆಯಲು ಕೈ ಹಾಕಿದಳು.

ಆಮೇಲೆ ದಿನಾ ಚಿಕಿತ್ಸಾಲಯಕ್ಕೆ ಹೋಗಿ ಮಾಕ್ಸಿಮಿನಾಳ ತಲೆ ತಿಂದಳು ಎಲೋದಿಯಾ. ಕುಂಬಳ ಬೀಜ ಆಗುತ್ತಾ? ಜೋಳದ ಗಂಜಿ? ಇವತ್ತು ಕಡೆದ ಹಸಿ ಚೀಸು? ಕೊತ್ತಂಬರಿ? "ಹೆಚ್ಚಿನವರಿಗೆ ಆಗುತ್ತೆ. ಒಬ್ಬೊಬ್ಬರದು ಒಂದೊಂದು ಥರ, ಒಂದೊಂದಾಗಿ ಕೊಟ್ಟು ನೋಡಬೇಕು, ಅವಳಿಗೆ ಹೇಳಿಯೇ," ಅಂದಳು ಮಾಕ್ಸಿಮಿನಾ. ಆ ಕೊನೆಯ ಮಾತಿಗೆ ಎಲೋದಿಯಾ ತಲೆ ತಗ್ಗಿಸಿದಳು.

ಹದಿನೆಂಟನೇ ದಿನ ಬೆಳಿಗ್ಗೆ ಅನಾಯೆಲಿಯ ತವರೂರಾದ ತ್ಲಾಸ್ಕೋಗೆ ಹೋಗುವ ಬಸ್ಸು ಹತ್ತಿದವರೆಲ್ಲ ಒಂದು ಸೋಜಿಗ ನೋಡಿದರು. ಊರಿಗೇ ಹೆಸರಾದ ಗೊಜ್ಜಿನ ಎಲೋದಿಯಾ, ಕಂಕುಳಲ್ಲಿ ಒಂದು ಜೀವಂತ ಟರ್ಕಿ ಕೋಳಿ ಅದುಮಿಕೊಂಡು ಕಿಟಕಿ ಪಕ್ಕ ಕೂತಿದ್ದಳು. ಕೋಳಿ ದಾರಿಯುದ್ದಕ್ಕೂ ಬೈಯುತ್ತಿತ್ತು. "ಅದಕ್ಕೂ ಟಿಕೆಟ್ ತಗೋಬೇಕಮ್ಮ," ಅಂತ ಡ್ರೈವರು ತಮಾಷೆ ಮಾಡಿದ. ಎಲೋದಿಯಾ ನಗಲಿಲ್ಲ.

ಬಾಗಿಲು ತೆರೆದ ಅನಾಯೆಲಿ ಬೆಚ್ಚಿಬಿದ್ದಳು. "ಏನತ್ತೆ ಇದು?"

"ಜೀವಂತ ತಂದಿದ್ದೀನಿ. ನಿನ್ನ ಕಣ್ಣೆದುರೇ ಕೊಯ್ತೀನಿ, ನಿನ್ನ ಕಣ್ಣೆದುರೇ ಬೇಯಿಸ್ತೀನಿ. ಡಬ್ಬಿ ಇಲ್ಲ, ಮಡಕೆ ಇಲ್ಲ. ನೀನು ಒಲೆ ಪಕ್ಕ ಕೂತ್ಕೋ. ನನ್ನ ಕೈ ಮೇಲಿಂದ ಕಣ್ಣು ತೆಗೀಬೇಡ. ತಿನ್ನು ಅಂತ ನಾನು ಹೇಳಲ್ಲ. ನಿಂಗೆ ಬೇಕು ಅನ್ಸಿದ್ರೆ ತಿನ್ನು."

ಅನಾಯೆಲಿ ಬಾಗಿಲು ಹಾಕಲಿಲ್ಲ. ಅದೇ ದೊಡ್ಡದು.

ಬೀಗಿತ್ತಿಯ ಅಡುಗೆಮನೆಯಲ್ಲಿ ಎಲೋದಿಯಾ ಕುಂಬಳ ಬೀಜ ಹುರಿದಳು, ಕೊತ್ತಂಬರಿ, ಸೀಮೆಬದನೆಯ ಎಳೆ ಚಿಗುರು, ಉಪ್ಪು ಹಾಕಿ ಕಲ್ಲಿನ ಮೇಲೆ ಅರೆದಳು. ಒಂದೊಂದನ್ನೂ ಹಾಕುವ ಮೊದಲು ಎತ್ತಿ ತೋರಿಸಿ ಹೆಸರು ಹೇಳಿದಳು. ಹಸಿರು ಗೊಜ್ಜು ಕುದಿ ಬಂತು, ಮಾಂಸ ಬಿತ್ತು, ರೊಟ್ಟಿ ಉಬ್ಬಿತು. ಅದೂ ಅವಳಜ್ಜಿಯ ಕಾಲದ್ದೇ ಅಡುಗೆ. ಮರ್ಯಾದೆಯ ಊಟ ಅಂದರೆ ಕಪ್ಪು ಗೊಜ್ಜೊಂದೇ ಅಂತ ಇಷ್ಟು ವರ್ಷ ಅದನ್ನು ಮರೆತೇಬಿಟ್ಟಿದ್ದಳು.

ಅನಾಯೆಲಿ ಮೂರು ತುತ್ತು ತಿಂದು ನಿಲ್ಲಿಸಿದಳು. ಎಲ್ಲರೂ ಕಾದರು. ರುತಿಲಿಯೊ ಗಡಿಯಾರ ನೋಡುತ್ತಿದ್ದ. ಎಲೋದಿಯಾ ಗಡಿಯಾರ ನೋಡಲಿಲ್ಲ, ಸೊಸೆಯ ಕೆನ್ನೆಯನ್ನೇ ನೋಡುತ್ತಿದ್ದಳು. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಕೆನ್ನೆ ಇದ್ದ ಬಣ್ಣದಲ್ಲೇ ಇತ್ತು. ಹುಡುಗಿ ತಟ್ಟೆ ಮತ್ತೆ ಹತ್ತಿರ ಎಳೆದುಕೊಂಡಳು. ಎಲೋದಿಯಾ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

"ಭಾನುವಾರ ಬರ್ತೀನಿ," ಅಂದಳು ಅನಾಯೆಲಿ, ಊಟ ಮುಗಿಸಿ. "ಆದ್ರೆ ಅತ್ತೆ, ನಾನು ಏನಿದು, ಯಾವತ್ತಿಂದು ಅಂತ ಕೇಳ್ದಾಗ ನಿಜ ಹೇಳ್ಬೇಕು. ಹಳೇದಾದ್ರೆ ಹಳೇದು ಅನ್ನಿ. ನಾನು ಬೇಜಾರು ಮಾಡ್ಕೊಳಲ್ಲ, ಬರೀ ರೊಟ್ಟಿ ತಿಂತೀನಿ."

"ಹೇಳ್ತೀನಮ್ಮ," ಅಂದಳು ಎಲೋದಿಯಾ. "ಕೇಳೋಕೆ ಮುಂಚೆನೇ ಹೇಳ್ತೀನಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮನೆಯ ಮಾತು. ಊಟವಾದ ಮೇಲೆ ಯಾರಿಗಾದರೂ ಪದೇಪದೇ ಮುಖ ಕೆಂಪಾಗುತ್ತಿದೆಯೇ, ತುರಿಕೆ, ತಲೆನೋವು, ಎದೆಬಡಿತ, ಮೂಗು ಸೋರುವುದು, ಹೊಟ್ಟೆ ಉಬ್ಬರ ಬರುತ್ತಿದೆಯೇ? ಖಾರ, ದೃಷ್ಟಿ, ನಖರಾ ಅಂತ ನೀವೇ ತೀರ್ಪು ಕೊಡಬೇಡಿ. ಏನು ತಿಂದರು, ಅದು ಯಾವತ್ತಿನದು, ಎಷ್ಟು ಹೊತ್ತಿಗೆ ಏನಾಯಿತು ಅಂತ ಬರೆದಿಟ್ಟು ಡಾಕ್ಟರ ಬಳಿ ಹೋಗಿ. ಇದೇ ಲಕ್ಷಣ ಅಲರ್ಜಿಗೂ ಇರುತ್ತದೆ, ಬೇರೆ ಕಾಯಿಲೆಗೂ ಇರುತ್ತದೆ, ಅದನ್ನು ಅವರು ನೋಡಬೇಕು. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೂ ಅವರಿಗೆ ತೋರಿಸಿ, ಕೆಲವು ಮಾತ್ರೆ ಈ ತೊಂದರೆ ಹೆಚ್ಚಿಸುವುದುಂಟು. ಡಾಕ್ಟರನ್ನು ಕೇಳದೆ ಒಂದೇ ಸಲ ಎಲ್ಲಾ ಊಟ ಬಿಡಿಸಿ ಉಪವಾಸ ಕೆಡವಬೇಡಿ. ಆಗದವರಿಗೆ ಆಗಿಂದಾಗ ಮಾಡಿ ಬಡಿಸಿ. ಉಳಿದದ್ದನ್ನು ಒಲೆಯ ಪಕ್ಕ ಬಿಡದೆ, ಬೇಗ ಆರಿಸಿ ಫ್ರೀಜರಿಗೆ ಹಾಕಿ. ಮತ್ತೆ ಕುದಿಸಿದರೆ ಸರಿಹೋಗುತ್ತದೆ ಅಂತ ನಂಬಬೇಡಿ. ತುಟಿ, ಗಂಟಲು ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿ, ಏನು ತಿನ್ನಿಸಿದಿರೋ ಅದನ್ನು ಮುಚ್ಚಿಡಬೇಡಿ.

ಮತ್ತೆ, ಕೈಮುಗಿದು ಕೇಳುತ್ತೇನೆ, ನಿಜವೋ ಸುಳ್ಳೋ ನೋಡೋಣ ಅಂತ ಯಾರ ತಟ್ಟೆಗೂ ಕದ್ದು ಏನನ್ನೂ ಹಾಕಬೇಡಿ. ಎಲೋದಿಯಾಳ ಸೊಸೆ ಎದ್ದು ಕೂತಳು. ನಿಮ್ಮ ಮನೆಯವರು ಏಳುತ್ತಾರೆ ಅಂತ ಯಾರು ಹೇಳಬಲ್ಲರು?